ಅಣ್ಣಪ್ಪನ ಅಂಗೈ

ರೊಟ್ಟಿ ಬಡಿಯಲು ನಿಂತು ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಹೊತ್ತಿಗೇ ಫೋನು ಗುಂಯ್ ಎನ್ನಬೇಕು. ಹಿಟ್ಟಿನ ಬೆರಳಲ್ಲೇ ಒತ್ತಿ ನೋಡಿದರೆ ಪರದೆಯ ಮೇಲೆ ಕೆಂಪು ಅಕ್ಷರ: ‘ಎರಡನೇ ಬ್ಯಾರಕ್, ಹೊಡೆದಾಟ.’ ಒಲೆ ಆರಿಸಿ, ಎದೆ ಹಿಡಿದುಕೊಂಡು ಜೈಲಿಗೆ ಫೋನು ಹಚ್ಚಿದರೆ ವಾರ್ಡರ್ ಶೆಟ್ಟೆಪ್ಪ ಆಕಳಿಸುತ್ತ ಹೇಳುತ್ತಾನೆ, “ಹೊಡದಾಟ ಎಲ್ಲಿದ್ರಿ ಮೇಡಂ. ಮೂಡಲಗಿಯವ್ರಿಬ್ರು ಕಬ್ಬಿನ ಮಾತಾಡಾಕತ್ತಾರ.”

ನಮ್ಮ ಕಡೆಯವರು ಕೈ ಬೀಸದೆ, ಬಾಜೂದವನ ಬೆನ್ನಿಗೊಂದು ಗುದ್ದು ಕೊಡದೆ ಮಾತಾಡಿದರೆ ಮೈಯಲ್ಲಿ ಹುಷಾರಿಲ್ಲ ಎಂದೇ ಅರ್ಥ. ಯಂತ್ರಕ್ಕೆ ಪಾಠ ಹೇಳಿದವರು ಇದನ್ನು ಹೇಳಿಕೊಟ್ಟಿರಲಿಲ್ಲ. ಹೀಗಾಗಿ ಆ ತಿಂಗಳು ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಗುಂಯ್, ಸಂತೆಯಲ್ಲಿ ಗುಂಯ್, ತಲೆಗೆ ನೀರು ಹಾಕಿಕೊಳ್ಳುವಾಗಲೂ ಗುಂಯ್.

ನಾನು ದಾಕ್ಷಾಯಿಣಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳ ವಿಚಾರಣಾ ಕೈದಿಗಳನ್ನು ಇಡಲೆಂದು ಘಟಪ್ರಭಾದ ಆಚೆ ಕಟ್ಟಿದ ಸಣ್ಣ ಜೈಲಿಗೆ ಸೂಪರಿಂಟೆಂಡೆಂಟ್. ಕ್ಯಾಮೆರಾದಲ್ಲಿ ಕಂಡದ್ದನ್ನು ತಾನೇ ಅರ್ಥ ಮಾಡಿಕೊಂಡು ನಮ್ಮನ್ನು ಎಚ್ಚರಿಸುವ ಸಾಫ್ಟ್‌ವೇರ್ ಒಂದನ್ನು ಆರಿಸಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಪುಣೆಯ ಕಂಪನಿಯದೊಂದು, ಹೈದರಾಬಾದಿನ ಕಂಪನಿಯದೊಂದು. ಒಂದು ತಿಂಗಳು ಎರಡನ್ನೂ ನಮ್ಮಲ್ಲಿ ಓಡಿಸಿ ನೋಡಬೇಕು. ನಾವು ಒಪ್ಪಿದ್ದೇ ಆಮೇಲೆ ಮೂರೂ ಊರಿನ ಪೊಲೀಸ್ ಠಾಣೆಗಳಿಗೆ, ಬಸ್ ನಿಲ್ದಾಣಗಳಿಗೆ ಹೋಗುತ್ತದೆ. ಆರಿಸುವವರು ಮೂವರು. ನಾನು, ಹುಕ್ಕೇರಿಯ ಇನ್ಸ್‌ಪೆಕ್ಟರ್ ಈಶ್ವರ, ಮೂಡಲಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ರಾಧಿಕಾ.

ಪುಣೆಯವರ ಎಂಜಿನಿಯರ್ ಲಖನ ಸಂಕೇಶ್ವರದವನು, ಮಾತಿನ ಮಲ್ಲ. ಮೊದಲ ದಿನವೇ ದೊಡ್ಡ ಪರದೆ ಹಚ್ಚಿ ತನ್ನ ಅಂಗಡಿ ಹರವಿದ. ಯಾರು ಬಿದ್ದರು, ಯಾರು ಗೋಡೆ ಹತ್ತಿದರು, ಯಾರ ಕೈಯಲ್ಲಿ ಫೋನಿದೆ, ಎಲ್ಲವನ್ನೂ ಯಂತ್ರ ಹೇಳುತ್ತಿತ್ತು. ಕೊನೆಗೆ ಊಟದ ಕೋಣೆ ತೋರಿಸಿದ. ಒಬ್ಬೊಬ್ಬ ಕೈದಿಯ ತಲೆಯ ಮೇಲೂ ಹಸಿರು ಚೌಕ, ಅದರೊಳಗೆ ಹೆಸರು, ಹೆಸರಿನ ಪಕ್ಕ ‘ಊಟ: ಮಾಡಿದ್ದಾರೆ.’

“ಯಾರರೆ ಉಪಾಸ ಕುಂತ್ರ ಎರಡನೇ ಊಟಕ್ಕ ನಿಮಗ ಗೊತ್ತಾಗಿಬಿಡ್ತೈತ್ರಿ ಮೇಡಂ,” ಎಂದ.

ಜೈಲಿನವರಿಗೆ ಉಪವಾಸದ ಕೈದಿಯೆಂದರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತೆ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೂ ಒಂದು ಪರೀಕ್ಷೆ ನಾನೇ ಮಾಡಿದ್ದೆ. ಖಾಲಿ ಕೋಣೆಯ ಸರಳಿಗೆ ಟವೆಲ್ ಕಟ್ಟಿ ಕುಣಿಕೆ ಹಾಕು ಎಂದು ಶೆಟ್ಟೆಪ್ಪನಿಗೆ ಹೇಳಿದೆ. ಅವನು ಬೈದುಕೊಳ್ಳುತ್ತಲೇ ಕಟ್ಟಿದ. ಗಂಟು ಬೀಳುವ ಮೊದಲೇ ಪುಣೆಯದು ಕೂಗಿತು. ಹೈದರಾಬಾದಿನದು ಮಾತ್ರ ಸೊಸೆಯ ಮುಂದೆ ಕಾಸು ಬಿಚ್ಚುವ ಅತ್ತೆಯ ಹಾಗೆ ಯೋಚಿಸಿ ಯೋಚಿಸಿ, ಶೆಟ್ಟೆಪ್ಪ ಕುಣಿಕೆ ಬಿಚ್ಚಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ ಮೇಲೆ ಒಂದು ಸಾರಿ ಕುಂಯ್ ಎಂದಿತು. ಹಿಂದಿನ ವರ್ಷ ದೂರದ ಒಂದು ಜೈಲಿನಲ್ಲಿ ಒಬ್ಬ ಯುವಕ ಉಡದಾರದಿಂದಲೇ ಜೀವ ಕಳೆದುಕೊಂಡಿದ್ದ. ಅದನ್ನು ಓದಿದ ದಿನ ನಾನು ನಮ್ಮಲ್ಲಿ ಒಂದು ಆಜ್ಞೆ ಹೊರಡಿಸಿದ್ದೆ. ಯಾವ ಬಗೆಯ ದಾರವೂ ಕೈದಿಯ ಮೈಮೇಲೆ ಇರಕೂಡದು. ಹೀಗಾಗಿ ಆ ಟವೆಲ್ಲಿನ ಪರೀಕ್ಷೆಯಾದ ದಿನವೇ ನನ್ನ ಮನಸ್ಸು ಪುಣೆಯ ಕಡೆ ವಾಲಿತ್ತು. ಹೊಡೆದಾಟವೆಂದು ಸುಳ್ಳು ಕೂಗಿದರೂ ಪರವಾಗಿಲ್ಲ, ಜೀವ ಹೋಗುವಾಗ ಕೂಗುತ್ತದಲ್ಲ.

ಮುಗಿಯಲು ಒಂದು ವಾರವಿದ್ದಾಗ, ಬುಧವಾರ ಬೆಳಿಗ್ಗೆ, ಫೋನು ಬೇರೆ ಥರ ಕೂಗಿತು. ‘ಮೊದಲನೇ ಬ್ಯಾರಕ್. ಅಣ್ಣಪ್ಪ. ಕೈಯಲ್ಲಿ ಮೊಬೈಲ್. ನೂರಕ್ಕೆ ತೊಂಬತ್ತೇಳು ಖಾತ್ರಿ.’

ಅಣ್ಣಪ್ಪ ಮೇಲವಂಕಿಯವನು, ಅರವತ್ತು ದಾಟಿದ ಒಣಕಲು ಮುದುಕ. ಬಾವಿಯ ನೀರಿನ ಪಾಳಿಗಾಗಿ ತಮ್ಮ ಅಪ್ಪಣ್ಣನ ಜೊತೆ ಜಗಳವಾಡಿ ಗುದ್ದಲಿಯ ಕಾವಿನಿಂದ ಅವನ ಮೊಣಕೈ ಮುರಿದು ಒಳಗೆ ಬಂದಿದ್ದ. ಬಂದು ಒಂದು ತಿಂಗಳಾಗಿತ್ತು. ಮುಂದಿನ ಸೋಮವಾರ ಗೋಕಾಕ ಕೋರ್ಟಿನಲ್ಲಿ ಅವನ ಜಾಮೀನಿನ ವಿಚಾರಣೆ ಇತ್ತು. ಸಿಗುವುದು ಹೆಚ್ಚೂಕಡಿಮೆ ಖಚಿತ ಎಂದು ವಕೀಲರು ಹೇಳಿದ್ದರು. ಆದರೆ ಜೈಲಿನೊಳಗೆ ಫೋನು ಇಟ್ಟುಕೊಂಡರೆ ಅದು ಬೇರೆಯದೇ ಕೇಸು. ಜಾಮೀನು ಹೋಗುತ್ತದೆ, ಮೇಲೆ ವರ್ಷಗಟ್ಟಲೆ ಶಿಕ್ಷೆ.

ನಾನು ಜೈಲು ಮುಟ್ಟುವಷ್ಟರಲ್ಲಿ ಯಂತ್ರ ತಾನೇ ಮೇಲಿನ ಕಚೇರಿಗೆ ವರದಿ ಕಳಿಸಿಬಿಟ್ಟಿತ್ತು. ಅದೇ ಅದರ ಹೆಚ್ಚುಗಾರಿಕೆಯಂತೆ, ನಡುವೆ ಮನುಷ್ಯರು ಇರುವುದಿಲ್ಲ. ವಿಡಿಯೋ ನೋಡಿದೆ. ಆ ವಾರ ಅವನ ಮೂಲೆಗೆ ಸುಣ್ಣ ಹೊಡೆಯುತ್ತಿದ್ದರೆಂದು ಅವನನ್ನು ಬಾಗಿಲ ಬಳಿಗೆ ಸರಿಸಿದ್ದರು, ಅದಕ್ಕೇ ಹೊಸದಾಗಿ ಕ್ಯಾಮೆರಾಕ್ಕೆ ಬಿದ್ದಿದ್ದ. ಕಂಡದ್ದು ಬೆನ್ನು, ಓರೆಯಾಗಿ ಎರಡೂ ತೋಳು, ಅಂಗೈಯೊಳಗೆ ಏನಿದೆಯೋ ಕಾಣುತ್ತಿರಲಿಲ್ಲ. ತಲೆ ತಗ್ಗಿಸಿ, ಎಡಗೈ ಎದೆಯ ಮಟ್ಟಕ್ಕೆ ಹಿಡಿದು, ಕಲ್ಲಿನಂತೆ ಕೂತಿದ್ದ. ಆಗೊಮ್ಮೆ ಈಗೊಮ್ಮೆ ಬಲಗೈಯ ಬೆರಳು ಎಡ ಅಂಗೈಯ ಮೇಲೆ ಆಡುತ್ತಿತ್ತು. ಇವತ್ತಿನ ಕಾಲದಲ್ಲಿ ಹಾಗೆ ಕೂತವರನ್ನು ನೋಡಿದರೆ ಯಾರಾದರೂ ಫೋನೇ ಎನ್ನುತ್ತಾರೆ. ನಾನೂ ಅಂದೆ.

ಅವನ ಚಾಪೆ ಕೊಡವಿದೆವು, ಅಂಗಿ ಬಿಚ್ಚಿಸಿದೆವು, ಸುಣ್ಣದ ಬಕೆಟ್ಟಿನಲ್ಲೂ ಕೈ ಆಡಿಸಿದೆವು. ಏನೂ ಸಿಗಲಿಲ್ಲ. ಗುರುವಾರ ಬೆಳಿಗ್ಗೆ ಮತ್ತೆ ಅದೇ ಕೂಗು. ನನಗೆ ಪಿತ್ತ ನೆತ್ತಿಗೇರಿತು. ಅವನನ್ನು ಕಚೇರಿಗೆ ಕರೆಸಿದೆ.

“ಕಾಕಾ, ಕೈಯಾಗ ಏನ್ ಹಿಡಕೊಂಡಿದ್ದಿ? ಖರೆ ಹೇಳು.”

ಅವನು ನನ್ನ ಮೇಜಿನ ಕಾಲು ನೋಡುತ್ತ ನಿಂತ. ನೋಡಿದ್ದೇ ನೋಡಿದ್ದು. ಆಮೇಲೆ, “ಫೋನ್ ಇತ್ತಂತ ಬರಕೋರಿ,” ಎಂದ.

“ಎಲ್ಲೈತಿ ಅದು?”

“ಸಂಡಾಸದಾಗ ಒಗದೇನ್ರಿ.”

ಪಕ್ಕದಲ್ಲಿದ್ದ ಲಖನ ಎದೆ ಉಬ್ಬಿಸಿ ನನ್ನತ್ತ ನೋಡಿದ. ಅವತ್ತೇ ಅವನ ಕಂಪನಿಯವರು ನಮ್ಮ ಮೂವರಿಗೂ ಮಿಂಚಂಚೆ ಕಳಿಸಿದರು. ‘ಯಂತ್ರ ಹಿಡಿದದ್ದನ್ನು ಕೈದಿ ಒಪ್ಪಿಕೊಂಡಿದ್ದಾನೆ.’ ಹುಕ್ಕೇರಿಯಿಂದ ಈಶ್ವರ ಫೋನು ಮಾಡಿ, “ಇನ್ನೇನ್ ನೋಡೂದೈತ್ರಿ ಮೇಡಂ, ಪುಣೆದಕ್ಕ ಸಹಿ ಮಾಡೋಣು,” ಎಂದ.

ಶುಕ್ರವಾರ ಸಂಡಾಸದ ಗುಂಡಿಯ ಹಾಸುಗಲ್ಲು ತೆಗೆಸಿದೆವು. ಶೆಟ್ಟೆಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು, ನನ್ನ ಕುಲವನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತ ನಿಂತ. ಗಾಡಿ ತಂದವರು ಪೈಪು ಇಳಿಸಿ ಗುಂಡಿ ಬರಿದು ಮಾಡಿದರು. ಒಂದು ಚಮಚ ಸಿಕ್ಕಿತು, ಯಾರದೋ ಚಪ್ಪಲಿ ಸಿಕ್ಕಿತು. ಫೋನು ಇರಲಿಲ್ಲ. ಅದೇ ಬೆಳಿಗ್ಗೆ ಯಂತ್ರ ಮೂರನೆಯ ಸಲ ಕೂಗಿತ್ತು, ‘ಅಣ್ಣಪ್ಪ, ಕೈಯಲ್ಲಿ ಮೊಬೈಲ್.’

“ಒಗದಾನಂತ, ಮತ್ತ ಕೈಯಾಗ ಹೆಂಗ ಬಂತೋ?” ಎಂದು ಲಖನನನ್ನು ಕೇಳಿದೆ.

“ಹಂಗಾರ ಎರಡನೇದೂ ಐತ್ರಿ ಮೇಡಂ.”

ಯಂತ್ರ ತಪ್ಪಿರಬಹುದು ಎಂಬುದೊಂದು ಬಿಟ್ಟು ಉಳಿದೆಲ್ಲವೂ ಅವನ ತಲೆಗೆ ಹೊಳೆಯುತ್ತಿತ್ತು. ನನಗೆ ಆ ಸಂಶಯ ಬಂದರೂ ಅದನ್ನು ಅಡ್ಡಗಟ್ಟಿದ್ದು ಮುದುಕನ ಮಾತು. ಇಲ್ಲದ ಫೋನನ್ನು ಇತ್ತು ಎಂದು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ? ಅದೂ ನಾಲ್ಕು ದಿನದಲ್ಲಿ ಮನೆಗೆ ಹೋಗುವವನು?

ಶನಿವಾರ ಅವನ ಹೆಂಡತಿ ಕೆಂಚವ್ವ ಭೇಟಿಗೆ ಬಂದಳು. ಗಂಡನ ಜೊತೆ ಮಾತಾಡಿ ಮುಗಿಸಿದವಳು ಹೋಗದೆ ನನ್ನ ಕಚೇರಿಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಳು. ಸುದ್ದಿ ಅವಳಿಗೂ ಮುಟ್ಟಿತ್ತು.

“ಫೋನ್ ಅಂತಾರಲ್ರಿ ಅಕ್ಕಾರ. ಅಂವಗ ಫೋನ್ ಹಿಡಿಯಾಕ ಬರಂಗಿಲ್ರಿ. ಮನ್ಯಾಗ ಅದು ಬಡಕೊಂಡ್ರ ಬೆಂಕಿ ಮುಟ್ಟಿದವ್ರಂಗ ತಂದು ನನ್ನ ಕೈಯಾಗ ಒಗೀತಾನ.”

“ತಾನ ಒಪ್ಪಿಕೊಂಡಾನಲ್ಲವ್ವಾ.”

“ಅಂವಾ ಯಾಕ ಹಂಗ ಅಂದಾನೋ ತಿಳೀವಲ್ದು. ನಾ ಕೇಳಿದ್ರ ಮಾರಿ ತಿರುವಿದ.” ಅವಳು ಹೊಸ್ತಿಲು ದಾಟಿ ಒಳಗೆ ಬಂದು, “ದಿನಾ ಪೂಜಿ ಮಾಡ್ಕೋತಾನ ಇಲ್ರಿ? ಲಿಂಗಪೂಜಿ ಆಗಲಾರದ ನೀರು ಸುದ್ದಾ ಬಾಯಿಗೆ ಹಾಕಂಗಿಲ್ಲ. ಊರಾಗ ಲಿಂಗ ಕಟ್ಟಲಾರದ ಹುಡುಗ್ರಿಗೆ ಕಟ್ಟಿ ಮ್ಯಾಲ ಕುಂದ್ರಗೊಡಂಗಿಲ್ಲ. ಭಾಳ ಕಡಕ್ ಅದಾನ,” ಎಂದಳು. ಬಯ್ಯುವ ಧಾಟಿಯಲ್ಲೇ ಹೇಳಿದಳು, ಆದರೆ ಅದರಲ್ಲಿ ಹೆಮ್ಮೆ ಇತ್ತು.

ಅವಳು ಹೋದ ಮೇಲೆ ಒಂದು ಕಪ್ ಚಹಾ ತಣ್ಣಗಾಗುವ ತನಕ ಕೂತಿದ್ದೆ. ಎಡಗೈ ಎದೆಯ ಮಟ್ಟಕ್ಕೆ. ತಗ್ಗಿಸಿದ ತಲೆ. ಅಂಗೈಯ ಮೇಲೆ ಆಡುವ ಬೆರಳು. ನನ್ನ ಅಜ್ಜ ದಿನಾ ಬೆಳಿಗ್ಗೆ ಹಾಗೇ ಕೂರುತ್ತಿದ್ದ. ನಾನು ಅದೇ ಮನೆಯಲ್ಲಿ ಬೆಳೆದವಳು, ಲಿಂಗಾಯತರ ಮಗಳು. ದಿನಾ ಪೂಜೆ ಮಾಡುವವಳಲ್ಲ ನಿಜ, ಆದರೆ ಕಣ್ಣಾದರೂ ಇತ್ತಲ್ಲ. ಫೋನು ನೋಡಿ ನೋಡಿ ನನ್ನ ಕಣ್ಣೂ ಪುಣೆಯದಾಗಿಬಿಟ್ಟಿತ್ತು.

ಸದ್ಯ, ಅದು ಲಿಂಗವೇ ಎಂದು ಬರೆದು ಕಳಿಸಿದರೆ ಮುಗಿಯಿತು ಎಂದುಕೊಂಡೆ. ಹಗುರಾದೆ. ಆದರೆ ಮರುಕ್ಷಣವೇ ಇನ್ನೊಂದು ಪ್ರಶ್ನೆ ಚುಚ್ಚಿತು. ಅಂಗಿ ಬಿಚ್ಚಿಸಿ ಹುಡುಕಿದಾಗ ಅವನ ಕೊರಳಲ್ಲಿ ಏನೂ ಇರಲಿಲ್ಲ.

ಭಾನುವಾರ ಬೆಳಕು ಹರಿಯುವ ಮೊದಲೇ ಹೋಗಿ, ಕ್ಯಾಮೆರಾಕ್ಕೆ ಕಾಣದ ಕಡೆಯಿಂದ, ಅಂದರೆ ಅವನ ಎದುರಿನಿಂದ, ಸರಳುಗಳ ಆಚೆ ನಿಂತೆ. ಅಣ್ಣಪ್ಪ ಮುಖ ತೊಳೆದು ಬಂದ. ಪದ್ಮಾಸನ ಹಾಕಿ ಕೂತ. ಎಡ ಅಂಗೈಯನ್ನು ಎದೆಯ ಮುಂದೆ ಹಿಡಿದ. ಲೋಟದಿಂದ ನಾಲ್ಕು ಹನಿ ನೀರು ಅದರ ಮೇಲೆ ಬಿಟ್ಟ. ಬಲಗೈಯ ಮೂರು ಬೆರಳಿನಿಂದ ಇಲ್ಲದ ವಿಭೂತಿಯನ್ನು ಹಚ್ಚಿದ. ಎರಡು ಬೇವಿನ ಎಲೆ ಏರಿಸಿದ. ಆಮೇಲೆ ರೆಪ್ಪೆ ಬಡಿಯದೆ ಅಂಗೈಯನ್ನೇ ನೋಡುತ್ತ ಕೂತ.

ಅಂಗೈಯಲ್ಲಿ ಏನೂ ಇರಲಿಲ್ಲ.

ನನ್ನ ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಅವನು ತಲೆ ಎತ್ತಿದ, ನನ್ನನ್ನು ಕಂಡ. ಕದ್ದು ಸಿಕ್ಕಿಬಿದ್ದವನ ಮುಖ ನಾನು ಈ ಕೆಲಸದಲ್ಲಿ ಎಷ್ಟೋ ನೋಡಿದ್ದೇನೆ. ಅಷ್ಟು ನಾಚಿದ ಮುಖ ನೋಡಿರಲಿಲ್ಲ.

“ಕಾಕಾ, ನಿನ್ನ ಲಿಂಗ ಎಲ್ಲೈತಿ?”

ಅವನು ಅಂಗೈಯ ನೀರನ್ನು ತಲೆಗೆ ಒರೆಸಿಕೊಂಡ. “ಬಂದ ದಿನಾನ ತಗೊಂಡ್ರಲ್ರಿ. ಶಿವದಾರ ಒಳಗ ಬಿಡಂಗಿಲ್ಲ, ಆರ್ಡರ್ ಐತಿ ಅಂದ್ರು. ಕರಡಿಗಿ ಬೆಳ್ಳಿದು, ಅದೂ ಬಿಡಂಗಿಲ್ಲ ಅಂದ್ರು. ಲಿಂಗ ಅದರಾಗ ಇತ್ತು.”

ಆರ್ಡರ್ ನನ್ನದೇ. ಉಡದಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ದಾರ ಎಂದರೆ ದಾರ ಎಂದು ಶೆಟ್ಟೆಪ್ಪ ಎಲ್ಲವನ್ನೂ ಬಿಚ್ಚಿಸಿದ್ದ. ಲಿಂಗವನ್ನು ಅರಿವೆಯಲ್ಲಿ ಸುತ್ತಿ ಅವನ ಕೈಗೆ ಕೊಡಬೇಕು ಎಂದು ಅವನಿಗೂ ಹೊಳೆಯಲಿಲ್ಲ, ಬರೆದ ನನಗೂ ಹೊಳೆದಿರಲಿಲ್ಲ.

“ಮತ್ತ ಫೋನ್ ಇತ್ತಂತ ಯಾಕ ಹೇಳಿದಿ? ಕೈಯಾಗ ಏನೂ ಇದ್ದಿದ್ದಿಲ್ಲ ಅನ್ನಬೇಕಿತ್ತಿಲ್ಲ?”

“ಏನೂ ಇಲ್ಲಂದ್ರ ಏನ್ ಮಾಡಾಕತ್ತಿದ್ದಿ ಅಂತ ಕೇಳತೀರಿ. ಬರೇ ಕೈ ನೋಡಕೋತ ಕುಂತಿದ್ದೆ ಅನ್ಲ್ಯಾ? ಕೋರ್ಟಿನಾಗ ಅಪ್ಪಣ್ಣ ಬಂದಿರ್ತಾನ. ಊರಾಗಿನ ಮಂದಿ ಬಂದಿರ್ತಾರ. ಲಿಂಗ ಇಲ್ಲದ ಒಂದು ತಿಂಗಳು ಬದುಕಿದ ಮುದುಕ ಅಂತ ನಾಳೆ ಸಣ್ಣ ಹುಡುಗ್ರು ಸುದ್ದಾ ನನ್ನ ಕಟ್ಟಿ ಮುಂದ ನಿಂತು ನಗತಾರ. ಫೋನ್ ಇಟಗೊಂಡವ್ನ ನೋಡಿ ಯಾರೂ ನಗಂಗಿಲ್ರಿ.”

“ಜಾಮೀನ್ ಹೊಕ್ಕೈತಿ. ಮತ್ತ ಎಷ್ಟು ವರ್ಷಾನೋ.”

“ಹೋಗ್ಲಿ ಬಿಡ್ರಿ. ಇದನ್ನ ಬರೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನಾನು ಕೆಲಸಕ್ಕೆ ಹತ್ತುತ್ತೇನೆ. ಸಾಮಾನಿನ ಕೋಣೆ ತೆಗೆಸಿ, ಅವನ ಹೆಸರಿನ ಪೊಟ್ಟಣ ಬಿಚ್ಚಿಸಿ, ಕರಡಿಗೆಯೊಳಗಿನ ಲಿಂಗವನ್ನು ವಸ್ತ್ರದ ಸಮೇತ ತಂದುಕೊಟ್ಟೆ. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಭುಜ ಅಲುಗುತ್ತಿತ್ತು. ಶೆಟ್ಟೆಪ್ಪ ಬೇರೆ ಕಡೆ ನೋಡುತ್ತ, “ನನಗ ಗೊತ್ತಾಗಲಿಲ್ರಿ ಕಾಕಾ,” ಎಂದ. ಸ್ವಲ್ಪ ಹೊತ್ತಿಗೆ ಮುದುಕ ಹೊಸದಾಗಿ ಪೂಜೆಗೆ ಕೂತ. ಫೋನು ಮತ್ತೆ ಕೂಗಿತು. ಲಿಂಗವಿದ್ದರೂ ಅದಕ್ಕೆ ಮೊಬೈಲೇ, ಇಲ್ಲದಿದ್ದರೂ ಮೊಬೈಲೇ.

ಮಧ್ಯಾಹ್ನದ ತನಕ ಕಚೇರಿಯಲ್ಲಿ ಅತ್ತಿಂದಿತ್ತ ತಿರುಗಿದೆ. ಕೈಯಲ್ಲಿದ್ದದ್ದು ಲಿಂಗ ಎಂದು ಬರೆದರೆ ಅವನ ಮಾನ ಉಳಿಯುತ್ತದೆ, ನನ್ನ ತಪ್ಪೂ ಮುಚ್ಚಿಹೋಗುತ್ತದೆ. ಎಷ್ಟು ಸಲೀಸು. ಆದರೆ ಲಿಂಗ ಪೊಟ್ಟಣದಲ್ಲಿತ್ತು ಎಂದು ನಮ್ಮದೇ ದಾಖಲೆ ಹೇಳುತ್ತದೆ. ಸರ್ಕಾರಿ ವಕೀಲರು ಅದನ್ನು ಎತ್ತಿ ತೋರಿಸಿದರೆ ಅವನು ಸುಳ್ಳನೂ ಆಗುತ್ತಾನೆ, ನಗೆಪಾಟಲೂ ಆಗುತ್ತಾನೆ. ಕೊನೆಗೆ ಕೋರ್ಟಿಗೆ ನಡೆದದ್ದನ್ನೇ ಬರೆದೆ. ಮೊದಲ ಸಾಲಿನಲ್ಲೇ ನನ್ನ ಆಜ್ಞೆ, ಎರಡನೆಯದರಲ್ಲಿ ನಮ್ಮವರು ಲಿಂಗ ಕಿತ್ತುಕೊಂಡದ್ದು, ಮೂರನೆಯದರಲ್ಲಿ ಅದಿಲ್ಲದಾಗಲೂ ಅವನು ಪೂಜೆ ಬಿಡದೆ ನಡೆಸಿದ್ದು. ಕಳಿಸುವ ಮೊದಲು ಅವನಿಗೆ ಓದಿ ಹೇಳುವುದು ನನ್ನ ಧರ್ಮ ಎನಿಸಿತು. ಬೇಡವೆಂದು ಕೂಗಾಡುತ್ತಾನೆ ಎಂದು ಸಿದ್ಧಳಾಗಿಯೇ ಓದಿದೆ.

ಅವನು ಕೂಗಾಡಲಿಲ್ಲ. ಕಿವಿಯ ಹಿಂದೆ ಕೈ ಇಟ್ಟು ಪೂರ್ತಿ ಕೇಳಿದ. “ಕಸಗೊಂಡ್ರು ಅಂತ ಬರದೀರಿ,” ಎಂದ. “ಕಳಕೊಂಡ ಅಂತ ಬರದಿಲ್ಲ.”

“ಇಲ್ಲ. ನಾವ ಕಸಗೊಂಡೇವಿ.”

“ಮತ್ತ…” ಕರಡಿಗೆ ಇರಬೇಕಾದ ಎದೆಯ ಮೇಲೆ ಅವನ ಕೈ ಹೋಯಿತು. ದನಿ ಇಳಿಸಿದ. “ನಾ ಉಂಡೇನಿ ಅಂತ ಬರದೀರೇನ್ರಿ?”

ನನಗೆ ಒಮ್ಮೆಲೇ ತಿಳಿಯಲಿಲ್ಲ.

“ಮೊದಲ್ನೇ ಎರಡು ದಿನ ಉಣಲಿಲ್ರಿ. ಮೂರನೇ ದಿನ ತಲಿ ತಿರಗಿತು. ಉಂಡೆ. ಆಮ್ಯಾಲ ದಿನಾ ಉಂಡೇನಿ. ಲಿಂಗ ಇಲ್ಲದ ಉಂಡೇನಿ.” ಅವನ ಕಣ್ಣು ನೆಲದಲ್ಲೇ ಇತ್ತು. “ಕೆಂಚವ್ವಗೂ ಹೇಳಿಲ್ರಿ. ಆಕಿ ನಾ ಪೂಜಿ ಮಾಡಿನ ಉಣತೇನಿ ಅಂದ್ಕೊಂಡಾಳ. ಕೈಯಾಗ ಲಿಂಗ ಇರಲಿಲ್ಲಂದ್ರ ಅದು ನಿಮ್ಮ ತಪ್ಪಾತು. ಉಂಡಿದ್ದು ನನ್ನ ಬಾಯಿ.”

ಅವನು ಅಂಜಿದ್ದು ಇದಕ್ಕೆ. ಶಿಕ್ಷೆಗಲ್ಲ, ಅಪ್ಪಣ್ಣನ ನಗೆಗೂ ಅಲ್ಲ. ಹಸಿವಿಗೆ ಸೋತದ್ದು ಯಾರಿಗೂ ಗೊತ್ತಾಗಬಾರದು, ಅಷ್ಟೇ. ಅದೊಂದನ್ನು ಮುಚ್ಚಲು ವರ್ಷಗಟ್ಟಲೆ ಜೈಲು ಕೊಡಲು ತಯಾರಾಗಿದ್ದ.

“ಬರದಿಲ್ಲ ಕಾಕಾ,” ಎಂದೆ. “ಎಲ್ಲೂ ಇಲ್ಲ.”

“ಹಂಗಾರ ಕಳಸ್ರಿ.”

ಕಳಿಸಿದೆ. ಎಲ್ಲೂ ಇಲ್ಲ ಎಂದಿದ್ದೆ. ಹಸಿರು ಚೌಕದ ನೆನಪಾಯಿತು. ‘ಊಟ: ಮಾಡಿದ್ದಾರೆ.’ ಯಂತ್ರ ಅವನನ್ನು ಕಂಡ ಮೊದಲ ದಿನದಿಂದ, ಒಂದೊಂದು ಹೊತ್ತಿನದೂ, ಹೆಸರಿನ ಸಮೇತ.

ಲಖನನಿಗೆ ಫೋನು ಹಚ್ಚಿದೆ. “ಒಬ್ಬ ಕೈದಿದು ಊಟದ ದಾಖಲೆ ಅಷ್ಟ ಅಳಸಬೇಕಾಗೇತಿ. ಆಗತೈತೇನು?”

“ಯಾಕ್ರಿ ಮೇಡಂ? ತಪ್ಪ್ ತೋರಿಸೇತೇನು?”

“ಇಲ್ಲೋ. ಖರೇನ ತೋರಿಸೇತಿ. ಅದಕ್ಕ ಅಳಸಬೇಕು.”

ಅವನು ನಕ್ಕ. “ಅದು ಆಗಂಗಿಲ್ರಿ. ಒಮ್ಮೆ ಬಂತಂದ್ರ ಮೂರು ಕಡೆ ಕಾಪಿ ಆಗತೈತಿ. ಯಾರೂ ಮುಟ್ಟಾಕ ಬರಂಗಿಲ್ಲ, ನಾವು ಸುದ್ದಾ. ಅದ ನಮ್ಮ ಮಾಲಿನ ತಾಕತ್ತು. ನಾಳೆ ಠಾಣೆದಾಗ, ಬಸ್‌ಸ್ಟ್ಯಾಂಡಿನಾಗ ಹಾಕಿದ್ರೂ ಹಂಗ, ಒಬ್ಬರದೂ ಒಂದೂ ಹೋಗಂಗಿಲ್ಲ.”

ಆ ಹುಡುಗನಿಗೆ ಬೈಯಲು ಹೊರಟವಳು ಫೋನು ಇಟ್ಟುಬಿಟ್ಟೆ. ಅವನು ಸುಳ್ಳು ಹೇಳಿರಲಿಲ್ಲ. ಕೊಳ್ಳುವವರು ಬಯಸುವುದೂ ಅದನ್ನೇ.

ಸೋಮವಾರ ಕೋರ್ಟಿನಲ್ಲಿ ನನ್ನ ಪತ್ರವನ್ನು ನ್ಯಾಯಾಧೀಶರು ತಾವೇ ಓದಿಕೊಂಡರು, ಗಟ್ಟಿಯಾಗಿ ಓದಿಸಲಿಲ್ಲ. ಒಮ್ಮೆ ಅಣ್ಣಪ್ಪನನ್ನು, ಒಮ್ಮೆ ನನ್ನನ್ನು ನೋಡಿದರು. ನನಗೆ ನಾಲ್ಕು ಮಾತು ಹೇಳಿದರು, ಅವಕ್ಕೆ ನಾನು ತಕ್ಕವಳೇ. ಅಣ್ಣಪ್ಪನಿಗೆ ಜಾಮೀನು ಸಿಕ್ಕಿತು. ಹಿಂದಿನ ಬೆಂಚಿನಲ್ಲಿ ಕೈಗೆ ಪಟ್ಟಿ ಹಾಕಿಕೊಂಡು ಕೂತಿದ್ದ ಅಪ್ಪಣ್ಣ ಎದ್ದು ಹೊರಗೆ ಹೋದ. ಅವನಿಗೆ ಏನೂ ತಿಳಿದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗೋಕಾಕದಲ್ಲಿ ನಮ್ಮ ಮೂವರ ಸಭೆ. ನಾನು ಹೈದರಾಬಾದಿನದು ಎಂದೆ. ಈಶ್ವರ ಕುರ್ಚಿಯಲ್ಲೇ ನೆಟ್ಟಗಾದ.

“ಮೇಡಂ, ನಿಮ್ಮ ಟವೆಲ್ ಪರೀಕ್ಷಾದಾಗ ಅದು ನಿದ್ದಿ ಹೊಡೀತು. ಪುಣೆದು ಜೀವಾ ಉಳಸ್ತೈತಿ. ನೀವ ಹೇಳಿದ್ದು.”

“ಹೌದು. ಅದಕ್ಕ ನನಗೂ ನಿದ್ದಿಲ್ಲ.”

“ಮತ್ತ ಕಾರಣ ಏನಂತ ಬರೀತೀರಿ?”

“ಹೈದರಾಬಾದಿಂದಕ್ಕ ಮರಿಯಾಕ ಬರತೈತಿ. ಅಳಸು ಅಂದದ್ದು ಅಳಸ್ತೈತಿ. ಮನಷ್ಯಾ ನೋಡಿ ಹೂಂ ಅನ್ನೂತನಕ ಯಾರಿಗೂ ಚಾಡಿ ಹೇಳಂಗಿಲ್ಲ.”

“ಅದಕ್ಕ ಮಾರ್ಕ್ಸ್ ಕೊಡಾಕ ಕಾಲಮ್ಮ ಇಲ್ಲಲ್ರಿ,” ಎಂದ ಅವನು. ವ್ಯಂಗ್ಯವಲ್ಲ, ಅಂಕ ಕೊಡುವ ಪಟ್ಟಿಯಲ್ಲಿ ನಿಜಕ್ಕೂ ಹುಡುಕಿ ನೋಡಿದ್ದ.

ರಾಧಿಕಾ ಆ ಪಟ್ಟಿಯನ್ನು ಮಡಿಸಿಟ್ಟಳು. “ನಂದೂ ಹೈದರಾಬಾದರಿ,” ಎಂದಳು. “ಆದ್ರ ನಿಮ್ಮ ವಾರ್ಡರಗೋಳ್ನ ಹೆಚ್ಚ ಮಾಡ್ಕೋಬೇಕಾಗತೈತಿ. ಅದು ನೋಡಲಾರದ್ದನ್ನ ಯಾರರೆ ನೋಡಬೇಕಲ್ರಿ.”

ಸಹಿ ಮಾಡಿದೆ. ಒಬ್ಬ ಮುದುಕನ ಊಟಕ್ಕಾಗಿ ನಾಳೆ ಇನ್ಯಾರದೋ ಜೀವ ಪಣಕ್ಕಿಟ್ಟೆನೇ ಎಂಬ ಪ್ರಶ್ನೆ ಅವತ್ತೂ ಇತ್ತು, ಈಗಲೂ ಇದೆ. ಅಂದಿನಿಂದ ಸರಳುಗಳ ಮುಂದೆ ನಾನೇ ತಿರುಗುತ್ತೇನೆ. ಸೂಪರಿಂಟೆಂಡೆಂಟರಿಗೆ ತಲೆ ಕೆಟ್ಟಿದೆ ಎಂದು ಶೆಟ್ಟೆಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ.

ಮಧ್ಯಾಹ್ನ ಜೈಲಿಗೆ ಮರಳಿದಾಗ ಅಣ್ಣಪ್ಪನ ಬಿಡುಗಡೆಯ ಕಾಗದ ಬಂದಿತ್ತು. ಪುಣೆಯವರ ಯಂತ್ರ ಸ್ವಿಚ್ ತೆಗೆಯುವುದು ಸಂಜೆಗೆ, ಅಲ್ಲಿಯತನಕ ಅದು ಎಚ್ಚರವಾಗಿಯೇ ಇತ್ತು. ಅವನು ಬೆಳ್ಳಿಯ ಕರಡಿಗೆಯನ್ನು ಹೊಸ ಶಿವದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಗೇಟು ದಾಟಿದ. ಹೊರಗೆ ಬೇವಿನ ಮರದ ಕೆಳಗೆ ಕೆಂಚವ್ವ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ.

“ಉಣ್ಣು ಮೊದಲ. ಹೆಂಗಾಗೀದಿ ನೋಡು. ಒಳಗ ಬರೋಬರಿ ಉಂಡಿಲ್ಲ ನೀ,” ಎಂದಳು.

ಅಣ್ಣಪ್ಪ ನನ್ನ ಮುಖ ನೋಡಿದ. ನಾನು ಅವಳಿಗೆ ಹೇಳಿದೆ, “ಹೂಂ ಅವ್ವಾ. ಭಾಳ ಹಟಾ ಹಿಡದಿದ್ದ.”

ಇದು ನಾನು ಹೇಳಿದ ಎರಡನೆಯ ಸುಳ್ಳು. ಮೊದಲನೆಯದು, ಎಲ್ಲೂ ಬರೆದಿಲ್ಲ ಎಂದು ಅವನಿಗೆ ಹೇಳಿದ್ದು. ಅವನು ಚೊಂಬಿನ ನೀರಿನಿಂದ ಕೈ ತೊಳೆದು, “ತಡಿ, ಪೂಜಿ ಮಾಡ್ಕೋತೇನಿ,” ಎಂದು ಅಲ್ಲೇ ಮರದ ಬುಡದಲ್ಲಿ ಕೂತ. ಬೆಳಿಗ್ಗೆ ಒಮ್ಮೆ ಆಗಿತ್ತು. ಮತ್ತೆ ಕೂತ. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡ.

ನಾನು ತಿರುಗಿ ಗೇಟಿನ ಕಂಬದ ಮೇಲಿನ ಕ್ಯಾಮೆರಾ ನೋಡಿದೆ. ಅದು ಸರಿಯಾಗಿ ಮರದ ಬುಡಕ್ಕೇ ಮುಖ ಮಾಡಿತ್ತು. ಪೂಜೆಯ ನಂತರ ಊಟ. ಊಟವನ್ನೂ ಬರೆದುಕೊಳ್ಳುತ್ತದೆ. ಈ ಒಂದು ತುತ್ತಾದರೂ ಅದರ ಲೆಕ್ಕಕ್ಕೆ ಸಿಗದಿರಲಿ ಎನಿಸಿತು. ನಾನು ಕಂಬದ ಬುಡದಲ್ಲಿದ್ದ ಎತ್ತರದ ಕಲ್ಲುಕಟ್ಟೆಯ ಮೇಲೆ ಹತ್ತಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು, ಸೆರಗನ್ನು ತೋಳಿನುದ್ದಕ್ಕೂ ಹರವಿ ಹಿಡಿದು ನಿಂತೆ. ದಾರಿಯಲ್ಲಿ ಹೋಗುವವರು ನೋಡಿದರು. ನೋಡಲಿ ಎಂದುಕೊಂಡೆ. ಅವನು ಪೂಜೆ ಮುಗಿಸಿ, ಮೊದಲ ತುತ್ತು ಮುರಿದು, ಕಣ್ಣು ಮುಚ್ಚಿ ಬಾಯಿಗಿಟ್ಟುಕೊಳ್ಳುವ ತನಕ ತೋಳು ಇಳಿಸಲಿಲ್ಲ.

ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಗುಂಯ್ ಎಂದಿತು. ‘ಮುಖ್ಯ ಗೇಟು. ಕ್ಯಾಮೆರಾಕ್ಕೆ ಬೇಕೆಂದೇ ಅಡ್ಡ ನಿಂತಿದ್ದಾರೆ. ದಾಕ್ಷಾಯಿಣಿ. ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ.’

ಆ ತಿಂಗಳಲ್ಲಿ ಅದು ಯಾರ ಬಗ್ಗೆಯೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.